ನಳಿಗೆಯ ಮೇಲೊಂದು ದುರ್ಬೀನು

ರೈಫಲ್ ಶೂಟಿಂಗ್‌ನಲ್ಲಿ 2024ರ ತನಕ ಭಾರತಕ್ಕೆ ಬಂದ ಒಲಿಂಪಿಕ್ ಪದಕಗಳು ಮೂರೇ ಮೂರು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಗೆದ್ದ ಚಿನ್ನ, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಗೆದ್ದ ಕಂಚು, 2024ರ ಪ್ಯಾರಿಸ್ ಕೂಟದಲ್ಲಿ ಸ್ವಪ್ನಿಲ್ ಕುಸಾಳೆ ಗೆದ್ದ ಕಂಚು. ಕುಸಾಳೆ ನಮ್ಮ ಬೆಳಗಾವಿ ಗಡಿ ದಾಟಿದರೆ ಸಿಗುವ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯವರು. ಕರ್ನಾಟಕದ ಮೇಘನಾ ಸಜ್ಜನರ್ 2025ರಲ್ಲಿ ಚೀನಾದ ನಿಂಗ್ಬೋ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್ ಕಂಚು ತಂದರು. ಈ ನಾಲ್ವರ ರೈಫಲ್‌ಗಳಲ್ಲೂ ಸ್ಕೋಪ್ ಎಂಬ ದುರ್ಬೀನು ಇರಲಿಲ್ಲ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ ರೈಫಲ್ ಸ್ಪರ್ಧೆಗಳಲ್ಲಿ ಅದನ್ನು ಒಪ್ಪುವುದೇ ಇಲ್ಲ. ಓಡುವ ಗುರಿಗೆ ಹೊಡೆಯುವ ಸ್ಪರ್ಧೆಗೆ ಮಾತ್ರ ವಿನಾಯಿತಿ. ಉಳಿದವರಿಗೆಲ್ಲ ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಉಂಗುರ. ಮುಗಿಯಿತು.

ಸ್ಕೋಪ್ ಕೊಳ್ಳಲು ಹೊರಟವರು ಮೊದಲು ಈ ಲೆಕ್ಕ ನೋಡಬೇಕು. 50 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಮಿನಿಟು. 50 ಮೀಟರ್ ದೂರದಿಂದ ಆ ವೃತ್ತ ಕಣ್ಣಲ್ಲಿ ಮಾಡುವ ಕೋನ ಮುಕ್ಕಾಲು ಮಿನಿಟಿಗಿಂತ ಕಡಿಮೆ. 10 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ., ಅಂದರೆ ಮಿನಿಟಿನ ಆರನೇ ಒಂದು ಪಾಲು. ಆರೋಗ್ಯವಂತ ಕಣ್ಣಿಗಾದರೋ ಎರಡು ಚುಕ್ಕೆಗಳು ಬೇರೆಬೇರೆ ಎಂದು ತಿಳಿಯಲು ಅವುಗಳ ನಡುವೆ ಹೆಚ್ಚುಕಡಿಮೆ ಒಂದು ಮಿನಿಟಿನ ಅಂತರ ಬೇಕು. ಹಾಗಾದರೆ ಕಣ್ಣಿಗೆ ಕಾಣದ್ದಕ್ಕೆ ಇವರು ಗುಂಡು ಹೊಡೆಯುತ್ತಿರುವುದು ಹೇಗೆ?

ಅವರು ಹತ್ತರ ಚುಕ್ಕೆಯನ್ನು ನೋಡುವುದೇ ಇಲ್ಲ. ಅದರ ಸುತ್ತಲಿನ ದೊಡ್ಡ ಕಪ್ಪು ವೃತ್ತವನ್ನು ಮುಂದಿನ ಉಂಗುರದ ನಟ್ಟನಡುವೆ ಕೂರಿಸುತ್ತಾರೆ. ಉಂಗುರದ ಒಳಗೆ ಸುತ್ತಲೂ ಉಳಿಯುವ ಬಿಳಿ ಅಂಚು ಒಂದೇ ಅಗಲ ಇದೆಯೋ ಇಲ್ಲವೋ ಎಂಬುದಷ್ಟೇ ಕಣ್ಣಿನ ಕೆಲಸ. ಈ ಕೆಲಸದಲ್ಲಿ ನಮ್ಮ ಕಣ್ಣು ಅಸಾಧ್ಯ ಚುರುಕು. ಕಾಲೇಜಿನ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದವರಿಗೆ ಗೊತ್ತು: ಎರಡು ಗೆರೆ ಒಂದರ ನೇರಕ್ಕೆ ಒಂದು ಇವೆಯೇ ಎಂದು ಹೇಳುವುದು, ಅವುಗಳ ನಡುವಿನ ಅಂತರ ಓದುವುದಕ್ಕಿಂತ ಎಷ್ಟೋ ಸುಲಭ. 1892ರಲ್ಲೇ ಜರ್ಮನಿಯ ವ್ಯೂಲ್ಫಿಂಗ್ ಇದನ್ನು ಅಳೆದು ತೋರಿಸಿದ್ದ. ಗೆರೆಗಳ ಜೋಡಣೆಯಲ್ಲಿ ಹತ್ತು ಸೆಕೆಂಡಿಗಿಂತ, ಅಂದರೆ ಮಿನಿಟಿನ ಆರನೇ ಒಂದು ಪಾಲಿಗಿಂತಲೂ ಕಡಿಮೆ ತಪ್ಪನ್ನು ಬರಿಗಣ್ಣು ಹಿಡಿಯುತ್ತದೆ. ನೇತ್ರಪಟಲದ ಒಂದೊಂದು ಕೋಶಕ್ಕೆ ಇಲ್ಲದ ಸೂಕ್ಷ್ಮತೆಯನ್ನು ನೂರಾರು ಕೋಶಗಳ ಲೆಕ್ಕ ಕೂಡಿಸಿ ಮಿದುಳು ಗಳಿಸಿಕೊಳ್ಳುತ್ತದೆ.

ಇಷ್ಟಾದ ಮೇಲೆ ಸ್ಕೋಪ್ ಯಾಕೆ ಬೇಕು? ದೊಡ್ಡದು ಮಾಡಿ ತೋರಿಸಲಿಕ್ಕೆ ಎಂಬುದು ಎಲ್ಲರ ಬಾಯಲ್ಲೂ ಬರುವ ಉತ್ತರ. ನಮ್ಮ ಕಡೆ ಯಾರ ಕೈಗೆ ಸ್ಕೋಪ್ ಕೊಟ್ಟರೂ ಮೊದಲ ಪ್ರಶ್ನೆ ಒಂದೇ: "ಎಷ್ಟು ಎಕ್ಸ್ ಐತ್ರೀ ಸರ?" ಆದರೆ ಸ್ಕೋಪ್ ಮಾಡುವ ಮೊದಲ ಉಪಕಾರ ಬೇರೆಯದು. ತೆರೆದ ಸೈಟ್‌ನಲ್ಲಿ ಕಣ್ಣು ಮೂರು ದೂರದ ವಸ್ತುಗಳನ್ನು ಒಟ್ಟಿಗೆ ನೋಡಬೇಕು. ಹಿಂದಿನ ಕಚ್ಚು ಕಣ್ಣಿನ ಹತ್ತಿರವೇ, ಮುಂದಿನ ಮೊನೆ ಮುಕ್ಕಾಲು ಮೀಟರ್ ಆಚೆ, ಗುರಿ ಇನ್ನೆಲ್ಲೋ. ಒಂದು ನಿಚ್ಚಳವಾದರೆ ಉಳಿದೆರಡು ಮಬ್ಬು. ಜಾತ್ರೆಯ ಬಲೂನ್ ಅಂಗಡಿಯಲ್ಲಿ ಹದಿನೈದರ ಹುಡುಗ ಸಾಲಾಗಿ ಹೊಡೆದುರುಳಿಸುವಾಗ ಅವನ ಅಪ್ಪ ಮೂರಕ್ಕೆ ಮೂರೂ ತಪ್ಪುವುದಕ್ಕೆ ಅರ್ಧ ಕಾರಣ ಇದು. ಚಾಳೀಸು ಬಂದ ಕಣ್ಣಿಗೆ ಮುಂದಿನ ಮೊನೆಯೇ ಕಾಣದು. (ಉಳಿದರ್ಧ ಕಾರಣ ಅಂಗಡಿಯವನು ಬೇಕೆಂದೇ ಸೊಟ್ಟ ಮಾಡಿಟ್ಟ ನಳಿಗೆ.) ಏರ್ ರೈಫಲ್‌ನವರ ಸಣ್ಣ ತೂತು, ಬೆಳಕಿನ ದಾರಿಯನ್ನು ಕಿರಿದುಗೊಳಿಸಿ ಹತ್ತಿರದ್ದೂ ದೂರದ್ದೂ ಒಂದು ಮಟ್ಟಿಗೆ ನಿಚ್ಚಳವಾಗುವಂತೆ ಮಾಡುತ್ತದೆ. ಸ್ಕೋಪ್ ಈ ತಾಪತ್ರಯವನ್ನೇ ಅಳಿಸಿ, ಗುರಿಯನ್ನೂ ಗುರಿಗೆರೆಯನ್ನೂ ಒಂದೇ ಸಮತಲಕ್ಕೆ ತರುತ್ತದೆ.

ಇದನ್ನು ಕಂಡುಕೊಂಡವನು ಬಂದೂಕಿನವನಲ್ಲ, ಆಕಾಶ ನೋಡುವವನು. ಇಂಗ್ಲೆಂಡಿನ ಯಾರ್ಕ್‌ಷೈರಿನ ವಿಲಿಯಂ ಗ್ಯಾಸ್ಕಾಯ್ನ್ 1640ರ ಸುಮಾರಿಗೆ ಕೆಪ್ಲರ್ ಮಾದರಿಯ ದುರ್ಬೀನನ್ನು ತೆರೆದಿಟ್ಟಿದ್ದಾಗ ಅದರೊಳಗೆ ಜೇಡವೊಂದು ಎಳೆ ಬಿಟ್ಟಿತ್ತು. ಆ ಎಳೆ ಬಿದ್ದದ್ದು ಸರಿಯಾಗಿ ಮುಂದಿನ ಮಸೂರದ ಸಂಗಮತಲದಲ್ಲಿ. ಕಣ್ಣಿಟ್ಟು ನೋಡಿದರೆ ಆಕಾಶಕಾಯವೂ ಎಳೆಯೂ ಎರಡೂ ನಿಚ್ಚಳ! ಮುಂದೆ ಅವನು ಅದೇ ಜಾಗದಲ್ಲಿ ತಿರುಪಿನಿಂದ ಸರಿಯುವ ಎರಡು ಅಂಚುಗಳನ್ನು ಕೂರಿಸಿ ಸೂರ್ಯ, ಚಂದ್ರ, ಗ್ರಹಗಳ ವ್ಯಾಸ ಅಳೆದ. ಇವತ್ತಿನ ಸ್ಕೋಪ್‌ನ ಮುಖ್ಯ ಅಂಗಗಳಾದ ರೆಟಿಕಲ್ (ಗುರಿಗೆರೆ) ಮತ್ತು ಟರೆಟ್ (ಅದನ್ನು ಸರಿಸುವ ಗುಂಡಿ) ಎರಡರ ಮೂಲವೂ ಈ ಒಬ್ಬ ತರುಣನ ಮೇಜಿನ ಮೇಲಿತ್ತು. 1644ರ ಜುಲೈನಲ್ಲಿ ಮಾರ್ಸ್ಟನ್ ಮೂರ್ ಕದನದಲ್ಲಿ ಅವನು ಸತ್ತ. ಜೇಡದ ಎಳೆ ಮಾತ್ರ ಇಪ್ಪತ್ತನೆಯ ಶತಮಾನದವರೆಗೂ ದುರ್ಬೀನುಗಳಲ್ಲಿ ಉಳಿಯಿತು. ಅಷ್ಟು ತೆಳುವಾದ, ಅಷ್ಟು ಬಿಗಿಯಾದ ದಾರವನ್ನು ಬಹುಕಾಲ ಯಾವ ಕಾರ್ಖಾನೆಗೂ ನೂಲಲಾಗಲಿಲ್ಲ. ನೆಲ ಅಳೆಯುವವರ ಥಿಯೊಡೊಲೈಟೂ ಇದೇ ವಂಶದ್ದು. ಭೂಮಾಪಕ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ದಕ್ಷಿಣ ಭಾರತದ ತ್ರಿಕೋನಗಳನ್ನು ಕಟ್ಟಲು ಹೊರಟಾಗ ಕೋನಗಳನ್ನೆಲ್ಲ ಅಳೆದದ್ದು ದುರ್ಬೀನಿನೊಳಗಿನ ಇಂಥದೇ ಗೆರೆಗಳಿಂದ.

ದುರ್ಬೀನು ಬಂದೂಕಿನ ಮೇಲೇರಿದ ಕತೆಯಲ್ಲಿ ಈ ನಾಡಿನ ನೆರಳೂ ಒಂದಿಷ್ಟು ಇದೆ. ಬಾಂಬೆ ಸೈನ್ಯದ ಅಧಿಕಾರಿ ಡೇವಿಡ್ ಡೇವಿಡ್‌ಸನ್ ಭಾರತದಲ್ಲಿದ್ದಾಗಲೇ ಬೇಟೆಯ ರೈಫಲ್‌ಗೆ ದುರ್ಬೀನು ಕಟ್ಟಿ ನೋಡಿದ್ದವನು. ಅವನ ಹೆಸರಿನ ಸ್ಕೋಪ್ ಮುಂದೆ ವಿಟ್‌ವರ್ತ್ ರೈಫಲ್‌ನ ಎಡಮಗ್ಗುಲಿಗೆ ಸೇರಿ ಅಮೆರಿಕದ ಅಂತರ್ಯುದ್ಧಕ್ಕೆ ಹೋಯಿತು. ಆ ಹೊತ್ತಿಗೆ ಇತ್ತ ಬಾಂಬೆ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಜನರಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂದು, 1857ರ ಕೊನೆಗೆ ಹಲಗಲಿಯ ಬೇಡರೂ 1858ರಲ್ಲಿ ನರಗುಂದದ ಬಾಬಾಸಾಹೇಬನೂ ಎದ್ದು ನಿಂತು ಮಣ್ಣಾಗಿದ್ದರು. ಹಳೆಯ ಬೇಟೆಗಾರರ ಗುರಿಯಾಗಿದ್ದ ಕೃಷ್ಣಮೃಗಕ್ಕೆ 1972ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಆದ್ದರಿಂದ ಈ ಅಧ್ಯಾಯದುದ್ದಕ್ಕೂ ಗುರಿ ಎಂದರೆ ಕಾಗದ ಅಂಟಿಸಿದ ಹಲಗೆ, ಬೇರೇನೂ ಅಲ್ಲ.

ಮಿನಿಟಿನ ಲೆಕ್ಕ ಕೈಗೆ ಹತ್ತಬೇಕಾದರೆ ಲಕ್ಕಲಕಟ್ಟಿ ಕಡೆಯ ಹೊಲವೊಂದರಲ್ಲಿ ನಿಂತು ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳತ್ತ ನೋಡಿ. ರೆಕ್ಕೆ ತಿರುಗುವ ವೃತ್ತ 80 ಮೀಟರ್, ನಿಮ್ಮಿಂದ ಯಂತ್ರ 8 ಕಿ.ಮೀ. ದೂರ ಎಂದಿಟ್ಟುಕೊಳ್ಳೋಣ. ಆ ವೃತ್ತ ನಿಮ್ಮ ಕಣ್ಣಿಗೆ ಸುಮಾರು 34 ಮಿನಿಟು, ಹುಣ್ಣಿಮೆ ಚಂದ್ರನಿಗಿಂತ ಒಂಚೂರು ದೊಡ್ಡದು. ಇದನ್ನೇ ಇನ್ನೊಂದು ಅಳತೆಯಲ್ಲಿ 10 ಮಿಲ್ ಎನ್ನುತ್ತಾರೆ. ಸಾವಿರ ಮೀಟರ್ ದೂರದಲ್ಲಿ ಒಂದು ಮೀಟರ್ ಅಡಗಿಸುವ ಕೋನ ಒಂದು ಮಿಲ್. ನೂರು ಮೀಟರ್‌ನಲ್ಲಿ ಅದು 10 ಸೆಂ.ಮೀ. ಅದೇ ನೂರು ಮೀಟರ್‌ನಲ್ಲಿ ಒಂದು ಮಿನಿಟು 2.9 ಸೆಂ.ಮೀ. ಸ್ಕೋಪ್‌ನ ಗುಂಡಿ ಒಮ್ಮೆ 'ಟಿಕ್' ಎಂದರೆ ಇದರಲ್ಲಿ ಎಷ್ಟು ಪಾಲು ಸರಿಯುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಮಿಲ್‌ನವರದು ಹತ್ತನೇ ಒಂದು ಪಾಲು, ನೂರು ಮೀಟರ್‌ಗೆ ಸರಿಯಾಗಿ ಒಂದು ಸೆಂ.ಮೀ. ಮಿನಿಟಿನವರದು ಸಾಮಾನ್ಯವಾಗಿ ಕಾಲು ಪಾಲು, 7 ಮಿ.ಮೀ.ಗೆ ತುಸು ಹೆಚ್ಚು. ಬರೀ ಕಾಗದಕ್ಕೆ ಹೊಡೆಯುವವರ ಸ್ಕೋಪ್‌ಗಳಲ್ಲಿ ಎಂಟನೇ ಒಂದು ಪಾಲೂ ಉಂಟು.

ಈಗ ಎರಡು ಸ್ಕೋಪ್‌ಗಳನ್ನು ಪಕ್ಕಪಕ್ಕ ಇಡೋಣ. ಒಂದು ಜರ್ಮನಿಯ ಶ್ಮಿಟ್ ಅಂಡ್ ಬೆಂಡರ್ ಕಂಪನಿಯ ಪಿಎಂ-2, 5-25x56. ಇನ್ನೊಂದು ಅಮೆರಿಕದ ನೈಟ್‌ಫೋರ್ಸ್‌ನ ಕಾಂಪಿಟಿಷನ್, 15-55x52. ಎರಡೂ ಲಕ್ಷಗಟ್ಟಲೆ ಬೆಲೆಯ ಮಾಲು, ಎರಡೂ ತಮ್ಮ ಕೆಲಸದಲ್ಲಿ ಹೆಸರಾದವು. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಕೊನೆಯದು ಮುಂದಿನ ಮಸೂರದ ವ್ಯಾಸ, ಮಿ.ಮೀ.ಗಳಲ್ಲಿ. 'ಎಷ್ಟು ಎಕ್ಸ್' ಎಂದು ಕೇಳುವವರು ತಟ್ಟನೆ 55ರ ಕಡೆ ಕೈ ಚಾಚುತ್ತಾರೆ.

ಮಸೂರದ ವ್ಯಾಸವನ್ನು ಪಟ್ಟಿನಿಂದ ಭಾಗಿಸಿ. ಸ್ಕೋಪ್‌ನಿಂದ ಹೊರಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. ಜರ್ಮನ್ ಸ್ಕೋಪ್‌ಗೆ 25 ಪಟ್ಟಿನಲ್ಲಿ 2.2 ಮಿ.ಮೀ.; ಅಮೆರಿಕದ್ದಕ್ಕೆ 55 ಪಟ್ಟಿನಲ್ಲಿ ಒಂದು ಮಿ.ಮೀ.ಗೂ ಕಡಿಮೆ. ಹಗಲ ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ. ತೆರೆದಿರುತ್ತದೆ. ಒಂದು ಮಿ.ಮೀ.ಗಿಂತ ಸಣ್ಣ ಕಂಬ ಕಣ್ಣಿಗೆ ಬಿದ್ದಾಗ ಚಿತ್ರ ಮಂಕಾಗುವುದಲ್ಲದೆ, ಕಣ್ಣಗುಡ್ಡೆಯೊಳಗಿನ ದ್ರವದಲ್ಲಿ ತೇಲುವ ದಾರ, ಚುಕ್ಕೆಗಳ ನೆರಳೂ ಗುರಿಯ ಮೇಲೆ ಓಡಾಡತೊಡಗುತ್ತದೆ. ತಲೆ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಮಾಯ.

ಅದಕ್ಕಿಂತ ದೊಡ್ಡ ಮಿತಿ ಬೆಳಕಿನದೇ. ಬೆಳಕು ಅಲೆಯಾದ್ದರಿಂದ ಯಾವ ಮಸೂರವೂ ಚುಕ್ಕೆಯನ್ನು ಚುಕ್ಕೆಯಾಗಿ ಮೂಡಿಸದು. ಸುತ್ತ ಹರಡಿದ ಸಣ್ಣ ತಟ್ಟೆಯಾಗಿ ಮೂಡಿಸುತ್ತದೆ. 50 ಮಿ.ಮೀ. ಮಸೂರಕ್ಕೆ ಬಿಡಿಸಿ ತೋರಿಸಲು ಸಾಧ್ಯವಾದ ಅತಿ ಸಣ್ಣ ಕೋನ 2.8 ಸೆಕೆಂಡು, ಸಾವಿರ ಮೀಟರ್‌ನಲ್ಲಿ 13 ಮಿ.ಮೀ. ಕಣ್ಣಿನ ಮಿತಿ 60 ಸೆಕೆಂಡು. 2.8ನ್ನು 60ಕ್ಕೆ ಏರಿಸಲು ಬೇಕಾದದ್ದು 21 ಪಟ್ಟು. ಅದರಾಚೆ ಹಿಗ್ಗಿಸಿದರೆ ಹೊಸ ವಿವರವೇನೂ ಹುಟ್ಟುವುದಿಲ್ಲ, ಇದ್ದ ವಿವರವೇ ಉಬ್ಬುತ್ತದೆ. ಉಬ್ಬಿದ್ದನ್ನು ನೋಡುವುದು ಕಣ್ಣಿಗೆ ಆರಾಮ ಎಂಬುದು ನಿಜ. ಅದಕ್ಕೇ ಕಾಗದಕ್ಕೆ ಹೊಡೆಯುವವರು 40, 50 ಪಟ್ಟು ಇಷ್ಟಪಡುತ್ತಾರೆ. ಜಪಾನಿನ ಮಾರ್ಚ್ ಬ್ರ್ಯಾಂಡಿನವರು 80 ಪಟ್ಟಿನದನ್ನೂ ಮಾಡುತ್ತಾರೆ. ಅದನ್ನು ಮಾಡಿದ ಕೈಗಾರಿಕೆಗೆ ನಮಸ್ಕಾರ, ಆದರೆ ನಮ್ಮ ಸೀಮೆಯ ಏಪ್ರಿಲ್‌ನಲ್ಲಿ ಅದನ್ನು ಪೂರ್ತಿ ತಿರುಗಿಸುವ ಯೋಗ ಎಷ್ಟು ಮುಂಜಾನೆಗಳಲ್ಲಿ ಬಂದೀತು ಎಂಬ ಅನುಮಾನ ನನಗಿದೆ.

ಗಾಜಿನ ಗುಣವನ್ನು ಹೇಗೆ ಹೋಲಿಸುವುದು? ಮಸೂರದ ಪ್ರತಿ ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಸ್ಕೋಪ್‌ನಲ್ಲಿ ಹತ್ತು ಮಸೂರ ಇದ್ದರೆ ಇಪ್ಪತ್ತು ಮೈ; ಆಚೆ ಮುಟ್ಟುವ ಬೆಳಕು ನೂರಕ್ಕೆ ಬರೀ 44. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಗಾಜಿನ ಮೇಲೆ ಬೆಳಕಿನ ಅಲೆಯ ಕಾಲುಭಾಗದಷ್ಟು ತೆಳುವಾದ ಲೇಪ ಹಚ್ಚಿ ಈ ಸೋರಿಕೆ ತಡೆದ. ನಷ್ಟ ಮೈಗೆ ನೂರಕ್ಕೆ ಅರ್ಧ ಪಾಲಿಗಿಳಿದರೆ ಅದೇ ಇಪ್ಪತ್ತು ಮೈ ದಾಟಿ 90 ಪಾಲು ಬೆಳಕು ಬರುತ್ತದೆ. ಅಗ್ಗದ ಸ್ಕೋಪ್‌ಗಳಲ್ಲಿ ಹೊರಮೈಗೆ ಮಾತ್ರ ಲೇಪ ಬಳಿದು, ಒಳಗಿನದಕ್ಕೆ ರಾಮರಾಮ ಎನ್ನುವುದುಂಟು. ಅಂಗಡಿಯಲ್ಲಿ ಇದು ಗೊತ್ತಾಗದು. ಸಂಜೆ ಹೊತ್ತು ಮುಳುಗಿದ ಮೇಲೆ ಎರಡು ಸ್ಕೋಪ್‌ಗಳನ್ನು ಒಂದೇ ಪಟ್ಟಿಗೆ ತಂದು ಗೋಡೆಯ ಮೇಲಿನ ಜಾಹೀರಾತಿನ ಸಣ್ಣ ಅಕ್ಷರ ಓದುತ್ತ ಹೋಗಿ. ಯಾವುದು ಮೊದಲು ಕೈಕೊಡುತ್ತದೋ ನೋಡಿ. ಹಗಲಿಗೆ ಇನ್ನೊಂದು ಪರೀಕ್ಷೆ: ಬಿಳಿ ಆಕಾಶಕ್ಕೆ ಎದುರಾಗಿ ಹಾದುಹೋದ ವಿದ್ಯುತ್ ತಂತಿ. ತಂತಿಯ ಒಂದು ಅಂಚಿಗೆ ನೇರಳೆ, ಇನ್ನೊಂದಕ್ಕೆ ಹಸಿರು ಬಣ್ಣದ ಜರಿ ಕಂಡರೆ ಬೇರೆಬೇರೆ ಬಣ್ಣಗಳನ್ನು ಆ ಗಾಜು ಒಂದೇ ಕಡೆ ಕೂಡಿಸುತ್ತಿಲ್ಲ ಎಂದರ್ಥ.

ಗಾಜು ಚೆನ್ನಾಗಿದ್ದೂ ಸಾಲದು, ಹೊರಗೆ ಗಾಳಿ ಇದೆಯಲ್ಲ. ಮಾರ್ಚ್, ಏಪ್ರಿಲ್‌ನ ಹೊತ್ತಿಗೆ ರೋಣ, ನರಗುಂದದ ಎರೆಭೂಮಿಯಲ್ಲಿ ಕಡಲೆ, ಜೋಳ, ಕುಸುಬೆ ಎಲ್ಲ ಮುಗಿದು ಹೊಲ ಬಟಾಬಯಲು. ಕಪ್ಪು ಮಣ್ಣು ಬಿಸಿಲನ್ನೆಲ್ಲ ಹೀರಿ, ಹನ್ನೊಂದು ಗಂಟೆಗೆಲ್ಲ ರೊಟ್ಟಿ ಹೆಂಚಿನ ಮೇಲಿನ ಹಾಗೆ ನೆಲದ ಮೇಲಿನ ಗಾಳಿ ನಡುಗತೊಡಗುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರ ವಕ್ರೀಭವನಾಂಕ ಇಳಿಯುವುದು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಕೇಳಲು ಏನೂ ಅಲ್ಲ. ಆದರೆ ದೃಷ್ಟಿರೇಖೆಯುದ್ದಕ್ಕೂ ಎತ್ತರದಲ್ಲಿ ಮೀಟರಿಗೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ 300 ಮೀಟರ್ ದೂರದ ಹಲಗೆ ಇದ್ದ ಜಾಗಕ್ಕಿಂತ ಸುಮಾರು 4 ಸೆಂ.ಮೀ. ಕೆಳಗೆ ಸರಿದಂತೆ ಕಾಣುತ್ತದೆ. ಆ ದೂರದ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ವ್ಯಾಸವೇ 10 ಸೆಂ.ಮೀ. ಮೋಡವೊಂದು ಬಿಸಿಲಿಗೆ ಅಡ್ಡ ಬಂದರೆ ವ್ಯತ್ಯಾಸ ಇಳಿದು ಹಲಗೆ ಮೇಲೆದ್ದಂತಾಗುತ್ತದೆ. ರೈಫಲ್ ಅಲುಗಿಲ್ಲ, ಹಲಗೆ ಅಲುಗಿಲ್ಲ, ನಡುವಿನ ಬೆಳಕು ಬಾಗಿದೆ. ಇಂಥ ಹೊತ್ತಲ್ಲಿ 55 ಪಟ್ಟು ಹಿಗ್ಗಿಸಿದರೆ ಹಿಗ್ಗುವುದು ನಡುಕ. ಅನುಭವಸ್ಥರು ಪಟ್ಟನ್ನು 15, 20ಕ್ಕೆ ಇಳಿಸುತ್ತಾರೆ. 15ರಿಂದ ಶುರುವಾಗುವ ಸ್ಕೋಪ್‌ಗೆ ಅದಕ್ಕಿಂತ ಕೆಳಗಿಳಿಯುವ ದಾರಿಯಿಲ್ಲ, 5ರಿಂದ ಶುರುವಾಗುವುದಕ್ಕೆ ಇದೆ. ನಮ್ಮ ಬಯಲಿಗೆ ಆ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು 5ರಿಂದ ಶುರುವಾಗುವುದನ್ನೇ ಎತ್ತಿಕೊಂಡೇನು.

ಹಾಗೆಂದು ಆ ನಡುಕ ಬರೀ ಶತ್ರುವಲ್ಲ. ಬಿಸಿಲ್ಗುದುರೆ ಹರಿಯುವ ದಿಕ್ಕೇ ಗಾಳಿಯ ದಿಕ್ಕು. ಫೋಕಸ್ ಗುಂಡಿಯನ್ನು ಗುರಿಗಿಂತ ತುಸು ಈಚೆಗೆ ತಂದರೆ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಅಲೆಗಳು ಹರಿಯುವುದು ಸ್ಪಷ್ಟ ಕಾಣುತ್ತದೆ. ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ, ಅಥವಾ ಈಗಷ್ಟೇ ದಿಕ್ಕು ಬದಲಿಸುತ್ತಿದೆ. ಗಂಟೆಗೆ ಇಪ್ಪತ್ತು ಕಿ.ಮೀ. ಮೀರಿದರೆ ಅಲೆಗಳು ಚಪ್ಪಟೆಯಾಗಿ, ಓದಲು ಏನೂ ಉಳಿಯದು.

ಗುಡ್ಡದ ಮೇಲೆ ಗಾಳಿಯಂತ್ರ ಇದೆಯಲ್ಲ, ಅದನ್ನೇ ನೋಡಿ ಹೊಡೆದರಾಯಿತಲ್ಲ ಎನಿಸಬಹುದು. ಯಂತ್ರ ಗಾಳಿಗೆ ಮುಖ ಕೊಟ್ಟು ನಿಲ್ಲುವುದರಿಂದ ದಿಕ್ಕು ತಿಳಿಯುತ್ತದೆ, ಸರಿ. ರೆಕ್ಕೆ ತಿರುಗಲು ಶುರುವಾಯಿತೆಂದರೆ ಅಲ್ಲಿ ಸೆಕೆಂಡಿಗೆ ಮೂರು ಮೀಟರ್‌ನಷ್ಟಾದರೂ ಗಾಳಿ ಇದೆ ಎಂದೂ ತಿಳಿಯುತ್ತದೆ. ಆದರೆ ಅದು ಗುಡ್ಡದ ಮೇಲೆ 80 ಮೀಟರ್ ಎತ್ತರದ ಗಾಳಿ. ನೆಲ, ಬದು, ಗಿಡಗಂಟಿಗಳಿಗೆ ಉಜ್ಜಿಕೊಂಡು ಬರುವ ಗಾಳಿ ಆಳೆತ್ತರದಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚಿರಬಹುದು, ಬೇಲಿಯ ಮರೆಯಲ್ಲಿ ಅದೂ ಇಲ್ಲ. ಗುಂಡು ಹೋಗುವ ದಾರಿಯಲ್ಲಿ ಕೋಲಿಗೆ ಬಟ್ಟೆಚೂರು ಕಟ್ಟಿ ನೆಟ್ಟದ್ದು ಯಂತ್ರಕ್ಕಿಂತ ಸತ್ಯ ಹೇಳುತ್ತದೆ.

ಗಾಳಿ ಗುಂಡನ್ನು ತಳ್ಳುವ ರೀತಿಯೂ ಸೋಜಿಗದ್ದು. ಗಾಳಿಯ ವೇಗವನ್ನು ಗುಂಡು ಹಾರಿದ ಹೊತ್ತಿನಿಂದ ಗುಣಿಸಿದರೆ ಉತ್ತರ ತಪ್ಪುತ್ತದೆ, ಬಹಳ ದೊಡ್ಡದಾಗಿ ಬರುತ್ತದೆ. ಗುಣಿಸಬೇಕಾದದ್ದು ಗುಂಡಿಗಾದ ತಡವನ್ನು: ಗಾಳಿಯೇ ಇಲ್ಲದ ನಿರ್ವಾತದಲ್ಲಿ ಹೋಗಿದ್ದರೆ ಹಿಡಿಯುತ್ತಿದ್ದ ಸಮಯಕ್ಕಿಂತ ಎಷ್ಟು ಹೆಚ್ಚು ಹಿಡಿಯಿತೋ ಅಷ್ಟನ್ನು. .22 ಗುಂಡಿಗೆ 50 ಮೀಟರ್‌ನಲ್ಲಿ ಆಗುವ ತಡ ಸೆಕೆಂಡಿನ ಸಾವಿರ ಪಾಲಿನಲ್ಲಿ ಏಳರಷ್ಟು. ಕೆನ್ನೆಗೆ ತಾಗಿತೋ ಇಲ್ಲವೋ ಎನ್ನುವಂಥ, ಗಂಟೆಗೆ 5 ಕಿ.ಮೀ.ನ ಅಡ್ಡಗಾಳಿ ಸಾಕು, ಗುಂಡು ಒಂದು ಸೆಂ.ಮೀ. ಹತ್ತಿರ ಸರಿಯುತ್ತದೆ. ಹತ್ತರ ವೃತ್ತದ ಪೂರ್ತಿ ಅಗಲವೇ ಅಷ್ಟು. .308ರ ಗುಂಡಿಗೆ ಸಾವಿರ ಮೀಟರ್‌ನಲ್ಲಿ ತಡ ಸುಮಾರು 0.6 ಸೆಕೆಂಡು, ಸೆಕೆಂಡಿಗೆ ಎರಡು ಮೀಟರ್ ಗಾಳಿಗೆ 1.2 ಮೀಟರ್ ಆಚೆ. ಎಷ್ಟು ಲಕ್ಷದ ಸ್ಕೋಪ್ ಆದರೂ ಈ ಸಂಖ್ಯೆಯನ್ನು ತಾನಾಗಿ ಹೇಳದು. ಹೊಡೆಯುವವನು ಅಂದಾಜು ಮಾಡಿದ್ದನ್ನು ಅದು ನಿಖರವಾಗಿ ತಿರುಗಿಸಿ ಕೊಟ್ಟರೆ ಸಾಕು.

ಆ ನಿಖರತೆಯಲ್ಲೇ ಸ್ಕೋಪ್‌ಗಳ ನಡುವಿನ ನಿಜವಾದ ಅಂತರ ಇರುವುದು, ಅದನ್ನೇ ಜನ ಕೊನೆಗೆ ನೋಡುತ್ತಾರೆ. .308 ರೈಫಲ್ಲಿಗೆ ಸಾವಿರ ಮೀಟರ್‌ನ ಗುರಿಗೆ ಸುಮಾರು 12 ಮಿಲ್ ಏರಿಸಬೇಕು, 120 ಕ್ಲಿಕ್. ಗುಂಡಿ 120 ಸಲ ಟಿಕ್ ಎಂದಿತು. ಸ್ಕೋಪ್ ಒಳಗಿನ ಮಸೂರದ ಕೊಳವೆ ನಿಜಕ್ಕೂ ಅಷ್ಟೇ ವಾಲಿತೇ? ನೂರಕ್ಕೆ ಎರಡು ಪಾಲು ಕಡಿಮೆ ವಾಲಿದರೆ ಗುಂಡು 24 ಸೆಂ.ಮೀ. ಕೆಳಗೆ. ಮರಳಿ 120 ತಿರುಗಿಸಿದಾಗ ಮೊದಲಿದ್ದ ಜಾಗಕ್ಕೇ ಬಂತೇ?

ಇದನ್ನು ಪರೀಕ್ಷಿಸಲು ಗುಂಡು ಬೇಡ, ಬಂದೂಕೂ ಬೇಡ. ಸ್ಕೋಪ್ ಒಂದನ್ನೇ ಬಡಗಿಯ ಗಿರಮಿಟ್ಟು, ತೋಪಡಗಳ ನಡುವೆ ಇರುವ ವೈಸ್‌ನಲ್ಲಿ ಬಟ್ಟೆ ಸುತ್ತಿ ಬಿಗಿಯಿರಿ. ಟೇಪ್ ಹಿಡಿದು ಸರಿಯಾಗಿ ನೂರು ಮೀಟರ್ ಅಳೆದು ಅಲ್ಲೊಂದು ಹಲಗೆ ನಿಲ್ಲಿಸಿ, ತೂಕದ ಗುಂಡು ಇಳಿಬಿಟ್ಟು ನೆಟ್ಟಗೆ ಒಂದು ಮೀಟರ್ ಗೆರೆ ಎಳೆದು, ಹತ್ತು ಹತ್ತು ಸೆಂ.ಮೀ.ಗೆ ದಪ್ಪ ಗುರುತು ಹಾಕಿ. ಮುಂಜಾನೆ ನೆಲ ಕಾಯುವ ಮುನ್ನ ನೋಡಿ. ಗುರಿಗೆರೆಯನ್ನು ಒಂದು ತುದಿಯ ಗುರುತಿಗೆ ಕೂರಿಸಿ, ಹತ್ತು ಹತ್ತು ಕ್ಲಿಕ್ ತಿರುಗಿಸುತ್ತ ಹೋದರೆ ಒಂದೊಂದಾಗಿ ಗುರುತಿನ ಮೇಲೇ ಕೂರುತ್ತ ಹೋಗಬೇಕು. ಗೆರೆ ಬದಿಗೆ ಸರಿಯುತ್ತ ಹೋದರೆ ಒಳಗಿನ ರೆಟಿಕಲ್ ವಾಲಿದೆ. ಗುಂಡಿ ತಿರುಗಿದರೂ ಗೆರೆ ಕದಲದೆ, ಆಮೇಲೆ ಒಮ್ಮೆಗೇ ಎರಡು ಕ್ಲಿಕ್ ಹಾರಿದರೆ ಆ ಸ್ಕೋಪ್‌ನ ಸ್ಪ್ರಿಂಗ್ ಸೋತಿದೆ. ಬೆಲೆ, ಪಟ್ಟು, ಹೆಸರು ಯಾವುದನ್ನೂ ಕೇಳದೆ ಅದನ್ನು ಕೆಳಗಿಡಬಹುದು.

ರೆಟಿಕಲ್ ಎಲ್ಲಿ ಕೂತಿದೆ ಎಂಬುದು ಇನ್ನೊಂದು ಭೇದ. ಶ್ಮಿಟ್‌ನಲ್ಲಿ ಅದು ಪಟ್ಟು ಬದಲಿಸುವ ಮಸೂರಗಳ ಮುಂದೆ, ಮೊದಲ ಸಂಗಮತಲದಲ್ಲಿದೆ. ಗುರಿ ಹಿಗ್ಗಿದಂತೆ ಗೆರೆಯೂ ಹಿಗ್ಗುತ್ತದೆ, ಮಿಲ್ ಲೆಕ್ಕ ಎಲ್ಲ ಪಟ್ಟಿನಲ್ಲೂ ಸರಿ. ನೈಟ್‌ಫೋರ್ಸ್ ಕಾಂಪಿಟಿಷನ್‌ನಲ್ಲಿ ಅದು ಎರಡನೆಯದರಲ್ಲಿದೆ. ಗೆರೆ ಯಾವಾಗಲೂ ಒಂದೇ ತೆಳುವು, ದೂರದ ಸಣ್ಣ ಚುಕ್ಕೆಯನ್ನು ಮುಚ್ಚಿಬಿಡುವುದಿಲ್ಲ. ದೂರ ಬದಲಾಗುತ್ತಲೇ ಇರುವ ಸ್ಪರ್ಧೆಗೆ ಮೊದಲನೆಯದು, ಒಂದೇ ದೂರದ ಕಾಗದಕ್ಕೆ ಎರಡನೆಯದು.

ಇಷ್ಟೆಲ್ಲ ಓದಿ, ಸಾವಿರ ಮೀಟರ್ ಬಯಲು ನಮಗೆಲ್ಲಿ ಸಿಗಬೇಕು, .308 ಯಾರು ಕೊಡಬೇಕು ಎನ್ನುವವರೇ ಹೆಚ್ಚು. ನಮ್ಮಲ್ಲಿ ಬಹುಪಾಲು ಮಂದಿ ಸ್ಕೋಪ್ ಕೂರಿಸುವುದು ಏರ್‌ಗನ್ನಿನ ಮೇಲೆ. 0.177 ಇಂಚು ನಳಿಗೆಯ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಇಲ್ಲಿ ಎರಡು ಬಲೆಗಳಿವೆ. ಸ್ಪ್ರಿಂಗ್ ಏರ್‌ಗನ್ ಹಿಂದಕ್ಕೆ ಒದೆಯುವುದಷ್ಟೇ ಅಲ್ಲ, ಪಿಸ್ಟನ್ ಮುಂದಿನ ಗೋಡೆಗೆ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. ದೊಡ್ಡ ರೈಫಲ್‌ಗಳ ಒದೆತವನ್ನು ತಡೆದುಕೊಂಡ ದುಬಾರಿ ಸ್ಕೋಪ್ ಈ ಎದುರುಜಗ್ಗಿಗೆ ಒಳಗಿನ ಮಸೂರ ಸಡಿಲಿಸಿಕೊಂಡು ಕೂತದ್ದುಂಟು. ಕೊಳ್ಳುವಾಗ ಸ್ಪ್ರಿಂಗ್ ಏರ್‌ಗನ್ನಿಗೆ ಆಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಬೇಕು.

ಎರಡನೆಯದು ಪ್ಯಾರಲಾಕ್ಸ್. ಹೆಬ್ಬೆರಳು ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ದೂರದ ಕಂಬ ನೋಡಿ, ಬೆರಳು ಹಾರುತ್ತದೆ. ಗುರಿಯ ಬಿಂಬ ರೆಟಿಕಲ್ ಇರುವ ತಲದಲ್ಲೇ ಬೀಳದಿದ್ದರೆ ಸ್ಕೋಪ್‌ನಲ್ಲೂ ಹೀಗೇ, ತಲೆ ಸರಿದಂತೆ ಗೆರೆ ಗುರಿಯ ಮೇಲೆ ಸರಿಯುತ್ತದೆ. ಬಹಳಷ್ಟು ಅಗ್ಗದ ಸ್ಕೋಪ್‌ಗಳನ್ನು ನೂರು ಮೀಟರ್ ಆಸುಪಾಸಿನ ದೂರಕ್ಕೆ ಹೊಂದಿಸಿ ಬಿಗಿದಿರುತ್ತಾರೆ. 40 ಮಿ.ಮೀ. ಮಸೂರದ ಅಂಥ ಸ್ಕೋಪ್‌ನಲ್ಲಿ 10 ಮೀಟರ್ ದೂರದ ಗುರಿ ನೋಡಿದರೆ, ಕಣ್ಣು ಅಂಚಿಗೆ ಸರಿದಾಗ ಆಗಬಹುದಾದ ತಪ್ಪು 18 ಮಿ.ಮೀ. ಅರ್ಧ ಮಿ.ಮೀ. ಚುಕ್ಕೆಗೆ ಹದಿನೆಂಟು ಮಿ.ಮೀ. ತಪ್ಪು! ತೂತು-ಉಂಗುರದ ಸೈಟೇ ಇದಕ್ಕಿಂತ ಎಷ್ಟೋ ಮೇಲು. 10 ಮೀಟರ್‌ವರೆಗೆ ಫೋಕಸ್ ಇಳಿಯುವ ಗುಂಡಿ ಇಲ್ಲದ ಸ್ಕೋಪ್ ಏರ್‌ಗನ್ನಿಗೆ ದಂಡ. ಗುಂಡಿ ಇದ್ದರೂ ಅದರ ಮೇಲಿನ ಅಂಕಿ ನಂಬಬೇಡಿ. ತಲೆ ಮೇಲೆ ಕೆಳಗೆ ಆಡಿಸಿ, ಗೆರೆ ಗುರಿಗೆ ಅಂಟಿಕೊಂಡಂತೆ ನಿಲ್ಲುವ ತನಕ ತಿರುಗಿಸಿ.

ಇನ್ನು ಉಳಿದದ್ದು ಸ್ಕೋಪನ್ನು ಹಿಡಿದಿಡುವ ಎರಡು ಉಂಗುರ, ನಾಲ್ಕಾರು ತಿರುಪು. ಕ್ಯಾಟಲಾಗಿನಲ್ಲಿ ಕೊನೆಯ ಪುಟದಲ್ಲಿರುವ ಸರಕು. ಉಂಗುರಗಳ ನಡುವಿನ ಅಂತರ 10 ಸೆಂ.ಮೀ. ಎಂದಿಟ್ಟುಕೊಂಡು ಹಿಂದಿನದು ಬರೀ 0.1 ಮಿ.ಮೀ., ಅಂದರೆ ತಲೆಗೂದಲ ದಪ್ಪದಷ್ಟು ಏರಿದರೆ ಸ್ಕೋಪ್ ವಾಲುವುದು ಒಂದು ಮಿಲ್. ನೂರು ಮೀಟರ್‌ನಲ್ಲಿ ಗುಂಡು 10 ಸೆಂ.ಮೀ. ಆಚೆ. ಬೆಳಿಗ್ಗೆ ಸರಿಯಾಗಿ ಬೀಳುತ್ತಿದ್ದ ಗುಂಡು ಮಧ್ಯಾಹ್ನಕ್ಕೆ ಅಲೆಯತೊಡಗಿತೆಂದು ಸ್ಕೋಪನ್ನು ಕಟ್ಟಿ ಕಂಪನಿಗೆ ವಾಪಸು ಕಳಿಸುವವರು ಮೊದಲು ಈ ತಿರುಪುಗಳನ್ನು ಬಿಚ್ಚಿ, ಎಣ್ಣೆ ಒರೆಸಿ, ಒಂದಾದ ಮೇಲೊಂದು ಸಮನಾಗಿ ಬಿಗಿದು, ಇನ್ನೈದು ಗುಂಡು ಹೊಡೆದು ನೋಡುವುದು ಒಳ್ಳೆಯದು.